1819 ಅಡಿ ನೋಡುತ್ತಾ ಎಷ್ಟು ವರ್ಷ ಕೂರೋದು?

ಜುಲೈ ಬಂತು ಅಂದ್ರೆ ನಮ್ಮಪ್ಪ ಪೇಪರ್ ತೆಗೆದು ಮೊದಲು ನೋಡುವುದು ಜಲಾಶಯಗಳ ಮಟ್ಟ. ಲಿಂಗನಮಕ್ಕಿ, ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ನಮ್ಮದು ಬಯಲುಸೀಮೆ. ಶರಾವತಿಯ ಒಂದು ತೊಟ್ಟು ನೀರೂ ನಮ್ಮ ಹೊಲದ ಕಡೆ ಬರುವುದಿಲ್ಲ. ಆದರೂ ನೋಡುತ್ತಾರೆ. "ಈ ಸಲ ಡ್ಯಾಮ್ ತುಂಬ್ತದೆ ಕಣೋ, ಬೇಸಿಗೇಲಿ ತ್ರೀ ಫೇಸ್ ಸರಿಯಾಗಿ ಕೊಡ್ತಾರೆ" ಅಂತ ಫೋನಿನಲ್ಲಿ ಹೇಳುತ್ತಾರೆ. ಇದು ಅವರ ಇಂಧನ ನೀತಿ. ಬೇಜಾರಿನ ಸಂಗತಿ ಏನೆಂದರೆ ನಮ್ಮ ರಾಜ್ಯದ ಇಂಧನ ನೀತಿಯೂ ಹೆಚ್ಚುಕಡಿಮೆ ಇದೇ.

ಅಪ್ಪ ಹಾಗೆ ಲೆಕ್ಕ ಹಾಕುವುದರಲ್ಲಿ ತಪ್ಪಿಲ್ಲ. ಅವರು ಹುಡುಗರಾಗಿದ್ದ ಕಾಲದಲ್ಲಿ ಲಿಂಗನಮಕ್ಕಿ ತುಂಬಿತು ಅಂದರೆ ರಾಜ್ಯಕ್ಕೆಲ್ಲ ನೆಮ್ಮದಿ. 1964ರಲ್ಲಿ ಮುಗಿದ ಅಣೆಕಟ್ಟು ಅದು, ಕೆಳಗಿನ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಡ್ಯಾಮ್ ಅಷ್ಟೇ ಇದೆ, ಸಂಸಾರ ಬೆಳೆದಿದೆ.

2023 ನೆನಪಿದೆಯಲ್ವಾ? ಮಳೆ ಕೈಕೊಟ್ಟು 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದ ವರ್ಷ. ಮಳೆ ಇದ್ದಿದ್ದರೆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳು ಸುಮ್ನೆ ಇರುತ್ತಿದ್ದವು. ಮಳೆ ಬರಲಿಲ್ಲ, ಒಣಗುತ್ತಿದ್ದ ಬೆಳೆ ಉಳಿಸಿಕೊಳ್ಳಲು ಎಲ್ಲರೂ ಒಟ್ಟಿಗೆ ಮೋಟರ್ ಹಾಕಿದರು. ಅದೇ ಹೊತ್ತಿಗೆ ಡ್ಯಾಮಿನಲ್ಲಿ ನೀರಿಲ್ಲ. ಮುಂಗಾರಿನ ಗಾಳಿ ನಿಂತು ಗದಗ, ಚಿತ್ರದುರ್ಗದ ಗಾಳಿ ವಿದ್ಯುತ್ತಿನ ಫ್ಯಾನುಗಳೂ ನಿಧಾನ. ಅಂದರೆ ಮಳೆ ಹೋದರೆ ಕರೆಂಟಿಗೆ ಎರಡೂ ಕಡೆಯಿಂದ ಏಟು: ಬರುವುದು ಕಡಿಮೆ, ಬೇಕಾಗುವುದು ಜಾಸ್ತಿ. ಇದು ಹೊಸ ವಿಷಯವಲ್ಲ, ಹೊಲ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ಸರ್ಕಾರಕ್ಕೆ ಅದು ದಿಢೀರ್ ಬಂದ ಆಪತ್ತು. ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ, ಖಾಸಗಿಯವರು ಉತ್ಪಾದಿಸಿದ್ದನ್ನು ರಾಜ್ಯಕ್ಕೇ ಕೊಡಬೇಕು ಅಂತ ಆದೇಶ ಮಾಡಬೇಕಾಯಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕರೆಂಟು ಕಡ ತಂದು, ಮುಂದಿನ ಮಳೆಗಾಲಕ್ಕೆ ವಾಪಸ್ ಕೊಡುತ್ತೇವೆ ಅಂತ ಒಪ್ಪಿಕೊಳ್ಳಬೇಕಾಯಿತು. ಪಕ್ಕದ ಮನೆಗೆ ಸಕ್ಕರೆ ಬಟ್ಟಲು ಹಿಡಿದುಕೊಂಡು ಹೋದ ಹಾಗೆ.

ಅದೇ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಮೊಸಳೆಯನ್ನು ಹಿಡಿದು ವಿದ್ಯುತ್ ಕೇಂದ್ರದ ಮುಂದೆ ತಂದಿಟ್ಟರು. ರಾತ್ರಿ ಪಾಳಿಯಲ್ಲಿ ಕರೆಂಟು ಕೊಟ್ಟರೆ ಹೊಲಕ್ಕೆ ನೀರು ಕಟ್ಟಲು ಹೋದವರಿಗೆ ಏನು ಸಿಗುತ್ತದೆ, ನೀವೇ ನೋಡಿ ಅಂತ. ಎಲ್ಲರೂ ವಿಡಿಯೋ ಹಂಚಿಕೊಂಡು ನಕ್ಕರು, ನಾನೂ ನಕ್ಕೆ. ಆಮೇಲೆ ಅಪ್ಪ ಅದೇ ಹೊತ್ತಲ್ಲಿ ಬ್ಯಾಟರಿ ಹಿಡಿದುಕೊಂಡು ಬದುವಿನ ಮೇಲೆ ನಡೆಯುತ್ತಾರೆ ಅನ್ನುವುದು ನೆನಪಾಗಿ ನಗು ನಿಂತಿತು.

ಯಾರೂ ಕೆಲಸ ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಅಪ್ಪ ಈಗಲೂ "ಕೆಇಬಿಯವರು" ಅನ್ನುತ್ತಾರೆ, ಆ ಹಳೇ ವಿದ್ಯುತ್ ಮಂಡಳಿ ಹೋಗಿ 25 ವರ್ಷ ದಾಟಿದೆ. ಈಗ ಉತ್ಪಾದನೆಗೆ ಕೆಪಿಸಿ, ಸಾಗಣೆಗೆ ಕೆಪಿಟಿಸಿಎಲ್, ಹಂಚುವುದಕ್ಕೆ ಐದು ಎಸ್ಕಾಂಗಳು, ಕೊಂಡುಕೊಳ್ಳುವುದಕ್ಕೆ ಪಿಸಿಕೆಎಲ್, ಗಾಳಿ ಬಿಸಿಲಿಗೆ ಕ್ರೆಡಲ್, ದರ ನಿಗದಿಗೆ ಕೆಇಆರ್‌ಸಿ. ಎಲೆಕ್ಟ್ರಿಕ್ ವಾಹನಗಳ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದವರು ನಾವು, ಅದು ಕೈಗಾರಿಕಾ ಇಲಾಖೆಯದ್ದು. ಅಂತರ್ಜಲ ಸಣ್ಣ ನೀರಾವರಿಯವರದ್ದು. ಯಾವ ಬೆಳೆ ಅನ್ನುವುದು ಕೃಷಿ, ತೋಟಗಾರಿಕೆ ಇಲಾಖೆಗಳದ್ದು. ಹಳ್ಳಿ ಮನೆಯ ಸೌದೆ ಒಲೆ ಯಾರದ್ದು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಯೋಜನೆ ಹಾಕುತ್ತಾರೆ. ಆದರೆ ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಮೊದಲು ಕೇಳುವ ಪ್ರಶ್ನೆ ಒಂದಿದೆ: "ಎಷ್ಟು ಎಲೆ?" ಅಕ್ಕಿ ತರುವವರು, ಒಲೆ ಹಚ್ಚುವವರು, ಬಡಿಸುವವರು ಎಲ್ಲರೂ ಇದ್ದಾರೆ. ಎಲೆ ಎಣಿಸುವವರು ಇಲ್ಲ.

ನಮ್ಮ ಮನೆಯದ್ದೇ ಉದಾಹರಣೆ ಕೊಡುತ್ತೇನೆ, ಬೇರೆಯವರದ್ದು ಯಾಕೆ. 10 ಎಚ್‌ಪಿವರೆಗಿನ ಪಂಪಿಗೆ 2008ರಿಂದ ಕರೆಂಟು ಉಚಿತ. ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ, ಬಳಕೆ ಎಷ್ಟು ಅನ್ನುವುದು ಅಂದಾಜು. ಕರೆಂಟು ಯಾವಾಗ ಬರುತ್ತದೋ ಖಾತ್ರಿ ಇಲ್ಲದ್ದರಿಂದ ಎಲ್ಲರ ಹಾಗೆ ನಾವೂ ಆಟೋ ಸ್ಟಾರ್ಟರ್ ಹಾಕಿಸಿದೆವು. ರಾತ್ರಿ 2 ಗಂಟೆಗೆ ತ್ರೀ ಫೇಸ್ ಬಂದರೆ ಮೋಟರ್ ತಾನಾಗಿ ಓಡುತ್ತದೆ, ಬೇಕಿದ್ದರೂ ಬೇಡದಿದ್ದರೂ. ಇಡೀ ಊರಿನ ಮೋಟರುಗಳು ಒಂದೇ ಕ್ಷಣಕ್ಕೆ ಶುರುವಾದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಏನಾಗಬೇಕು? ಸುಟ್ಟುಹೋಗುತ್ತದೆ. ಹೋದ ಬೇಸಿಗೆಯಲ್ಲಿ ಟಿಸಿ ಬದಲಾಯಿಸಲು ವಾರ ಹಿಡಿಯಿತು, ಅಷ್ಟರಲ್ಲಿ ಟೊಮೆಟೊ ಹೋಯಿತು. ನೀರು ಕೆಳಗಿಳಿಯಿತು ಅಂತ ಬೋರ್ ಆಳ ಮಾಡಿಸಿದೆವು, ಆಳ ಆಯಿತು ಅಂತ ಮೋಟರ್ ದೊಡ್ಡದಾಯಿತು, ಮೋಟರ್ ದೊಡ್ಡದಾಯಿತು ಅಂತ ಅಷ್ಟೇ ನೀರಿಗೆ ಕರೆಂಟು ಜಾಸ್ತಿ. ಇಂಧನ ಇಲಾಖೆ ಯೂನಿಟ್ ಎಣಿಸುತ್ತದೆ, ಅಂತರ್ಜಲದವರು ಅಡಿ ಎಣಿಸುತ್ತಾರೆ, ಹಣಕಾಸಿನವರು ಸಬ್ಸಿಡಿ ಎಣಿಸುತ್ತಾರೆ. ಮೂರೂ ಒಂದೇ ಬಾವಿಯ ಲೆಕ್ಕ. ಮೂವರೂ ಒಂದು ಮೇಜಿನ ಸುತ್ತ ಕೂತು ಕೂಡಿಸುವುದು ಎಂದು?

ಇನ್ನೊಂದು ನೋಡಿ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಇದೆ, ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು ಮಾಡಿದ್ದು, ನನಗೆ ಆ ವಿಷಯದಲ್ಲಿ ಹೆಮ್ಮೆಯೇ ಇದೆ. ಮಧ್ಯಾಹ್ನ ಕರೆಂಟು ಹೊಳೆಯಂತೆ ಬರುತ್ತದೆ. ಸೂರ್ಯ ಮುಳುಗಿದ ಮೇಲೆ, ಜನ ಮನೆಗೆ ಬಂದು ಲೈಟು ಟಿವಿ ಹಾಕುವ ಹೊತ್ತಿಗೆ, ಅದು ಸೊನ್ನೆ. ಅಂದರೆ ಪಂಪುಗಳನ್ನು ಹಗಲಿಗೆ ತಂದರೆ ರೈತನಿಗೆ ನಿದ್ದೆ, ಮೊಸಳೆಗೂ ನೆಮ್ಮದಿ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕವೇ ಸೋಲಾರ್ ಹಾಕಿ ಹಗಲು ಪಂಪಿಗೆ ಕೊಡುವ ಕೆಲಸ ಶುರುವಾಗಿದೆ, ಒಳ್ಳೆಯದು. ಆದರೆ ಇದು ಮೊದಲು ಆಗಬೇಕಿತ್ತಲ್ಲ? ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಏಳುತ್ತದೆ, ಅದಕ್ಕೆ ಬೇಕಾದ ಲೈನು, ಸ್ಟೇಷನ್ನು, ಪಂಪಿನ ಫೀಡರ್ ಲೈನನ್ನು ಮನೆಗಳ ಲೈನಿನಿಂದ ಬೇರೆ ಮಾಡುವ ಕೆಲಸ ಅದಕ್ಕಿಂತ ನಿಧಾನ. ಯಾವುದು ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಹಾಕುವ ಒಬ್ಬರು ಬೇಕು.

ಇಲ್ಲೇ ಶರಾವತಿ ಪಂಪ್ಡ್ ಸ್ಟೋರೇಜ್ ಜಗಳವೂ ಬರುತ್ತದೆ. 2000 ಮೆಗಾವ್ಯಾಟ್, ಹಗಲು ನೀರು ಮೇಲಕ್ಕೆತ್ತಿ ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವ ಯೋಜನೆ, ಜಾಗ ಸಿಂಗಳೀಕಗಳ ಅಭಯಾರಣ್ಯದ ಕಾಡು. ನನಗೆ ಇದು ಬೇಡ ಅನಿಸುತ್ತದೆ. ಆದರೆ ನನ್ನ "ಬೇಡ" ಕೂಡ ಅರ್ಧಂಬರ್ಧದ್ದೇ. ಯಾಕೆಂದರೆ ಪಂಪುಗಳನ್ನೆಲ್ಲ ಹಗಲಿಗೆ ತಂದರೆ, ಅಲ್ಲಲ್ಲಿ ಬ್ಯಾಟರಿ ಇಟ್ಟರೆ, ಸಂಜೆಯ ಕೊರತೆ ಎಷ್ಟು ಉಳಿಯುತ್ತದೆ ಅಂತ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಇಟ್ಟು ಯಾರೂ ಜನರಿಗೆ ತೋರಿಸಿಲ್ಲ. ತೋರಿಸಿದರೆ ಮನಸ್ಸು ಬದಲಾಯಿಸಿಕೊಳ್ಳಲೂ ನಾನು ಸಿದ್ಧ. ಶರಾವತಿಗೆ ಮನೆಮಠ ಬಿಟ್ಟುಕೊಟ್ಟವರ ಮಕ್ಕಳು ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕಿಗೆ ಓಡಾಡುತ್ತಿದ್ದಾರೆ. ಆ ಕಣಿವೆಯಿಂದ ಇನ್ನೊಂದು ಸಲ ಕೇಳುವ ಮುಂಚೆ ಲೆಕ್ಕವನ್ನಾದರೂ ಪೂರ್ತಿ ಮಾಡಬೇಡವಾ?

ಅದಕ್ಕೇ ರಾಜ್ಯಕ್ಕೆ ಒಂದು ಇಂಧನ ಯೋಜನಾ ಮಂಡಳಿ ಬೇಕು ಅನ್ನುವುದು ನನ್ನ ವಾದ. ಬರೀ ವಿದ್ಯುತ್ ಅಲ್ಲ, ಡೀಸೆಲ್, ಗ್ಯಾಸ್, ಸೌದೆ ಎಲ್ಲ ಸೇರಿ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಐಐಎಸ್ಸಿಯಲ್ಲಿ ಅಮೂಲ್ಯ ರೆಡ್ಡಿ ಅಂತ ಪ್ರೊಫೆಸರ್ ಇದ್ದರು. ಅಸ್ತ್ರ ಒಲೆ ಗೊತ್ತಲ್ಲ, ಹೊಗೆ ಕಡಿಮೆ ಮಾಡಿದ್ದು, ಅದು ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕೆ ಅಂತ ಅವರು ಕಟ್ಟಿದ ಅಸ್ತ್ರ ಕೇಂದ್ರದಿಂದಲೇ ಬಂದದ್ದು. 1980ರ ದಶಕದ ಕೊನೆಯಲ್ಲಿ ರಾಜ್ಯದ ಸಮಿತಿಯೊಂದು ಮುಂದಿನ ದಿನಗಳಿಗೆ ಇಷ್ಟಿಷ್ಟು ವಿದ್ಯುತ್ ಯೋಜನೆ ಬೇಕು ಅಂತ ದೊಡ್ಡ ಪಟ್ಟಿ ಕೊಟ್ಟಿತು. ರೆಡ್ಡಿಯವರು ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿದರು. ಜನಕ್ಕೆ ಬೇಕಾಗಿರುವುದು ಕರೆಂಟಲ್ಲ. ಬೆಳಕು, ನೀರು, ಬೆಂದ ಅನ್ನ. ಅದನ್ನು ಯಾವ ದಾರಿಯಲ್ಲಿ ಅಗ್ಗವಾಗಿ ಕೊಡಬಹುದು ಅಂತ ಒಂದೊಂದೇ ನೋಡಿಕೊಂಡು ಹೋದರೆ, ಸಮಿತಿ ಕೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆ ಸಾಕು ಅಂತ ಅವರ ಲೆಕ್ಕ ಬಂತು. ಪ್ರಪಂಚದಲ್ಲೆಲ್ಲ ಅದನ್ನು ಓದಿದರು. ಇಲ್ಲಿ ಅದನ್ನು ತೆಗೆದುಕೊಂಡು "ಒಪ್ಪುತ್ತೇವೆ" ಅಥವಾ "ಒಪ್ಪುವುದಿಲ್ಲ, ಕಾರಣ ಇದು" ಅಂತ ಉತ್ತರ ಕೊಡಲೇಬೇಕಾದ ಒಂದು ಪೀಠ ಇರಲಿಲ್ಲ. ನನಗೆ ಮಂಡಳಿ ಬೇಕಿರುವುದು ಆ ಉತ್ತರಕ್ಕಾಗಿ.

ಇವತ್ತಿನ ಲೆಕ್ಕ ಒಂದು ಹೇಳುತ್ತೇನೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಗಳ ಬಿಲ್ಲು ಸರ್ಕಾರ ಕಟ್ಟುತ್ತದೆ. ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ನಮ್ಮ ಮನೆಗೂ ಬರುತ್ತಿದೆ. ಆದರೆ ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್ ತಿಂದರೆ ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಬಿಲ್ಲು ನಾನು ಕಟ್ಟದಿದ್ದ ಮೇಲೆ ನನಗ್ಯಾಕೆ ಹೊಸ ಫ್ಯಾನು? ಬಿಲ್ಲು ಕಟ್ಟುವವರು ಸರ್ಕಾರ, ಹಾಗಾಗಿ ಫ್ಯಾನು ಬದಲಾಯಿಸಿಕೊಟ್ಟರೆ ಲಾಭವೂ ಸರ್ಕಾರಕ್ಕೇ. ಇಷ್ಟು ಸರಳ. ಆದರೆ ಇದನ್ನು ಕೂತು ಯೋಚಿಸುವುದು ಯಾರ ಡ್ಯೂಟಿ ಅಂತ ಹುಡುಕಿ ನೋಡಿ, ಸಿಗುವುದಿಲ್ಲ.

ಹೊರಗೆ ಇಂಥದ್ದು ನಡೆಯುತ್ತಿದೆ. ಅಮೆರಿಕದ ವಾಯವ್ಯ ಮೂಲೆಯ ನಾಲ್ಕು ರಾಜ್ಯಗಳಿಗೆ 1980ರ ಕಾಯ್ದೆಯಲ್ಲಿ ಒಂದು ಮಂಡಳಿ ಬಂತು. ರಾಜ್ಯಕ್ಕೆ ಇಬ್ಬರಂತೆ ಬರೀ ಎಂಟು ಜನ. 20 ವರ್ಷದ ಯೋಜನೆ ಬರೆಯಬೇಕು, ಐದು ವರ್ಷಕ್ಕೊಮ್ಮೆ ತಿದ್ದಬೇಕು, ಜನರ ಮುಂದೆ ಇಡಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಒಂದು: ಹೊಸ ಸ್ಥಾವರ ಕಟ್ಟುವ ಮುಂಚೆ ಉಳಿತಾಯವನ್ನೇ ಒಂದು ಸ್ಥಾವರ ಅಂತ ಎಣಿಸಿ ಮೊದಲ ಸಾಲಿನಲ್ಲಿ ಕೂರಿಸಬೇಕು ಅಂತ ಕಾಯ್ದೆಯೇ ಹೇಳಿದೆ.

ವಿದ್ಯುತ್ ಕ್ಷೇತ್ರದಲ್ಲೇ ಇರುವ ಸ್ನೇಹಿತನೊಬ್ಬನಿಗೆ ಇದೆಲ್ಲ ಹೇಳಿದೆ. "ಇನ್ನೊಂದು ಕಮಿಟಿನಾ ಮಾರಾಯ? ಕೆಇಆರ್‌ಸಿ ಇದೆಯಲ್ಲ" ಅಂದ. ಕೆಇಆರ್‌ಸಿ ಇದೆ, ದರ ಏರಿಸುವಾಗ ಬಹಿರಂಗ ವಿಚಾರಣೆಯನ್ನೂ ಮಾಡುತ್ತದೆ. ಆದರೆ ಅದು ಮುಖ್ಯವಾಗಿ ಅಂಪೈರ್. ಎದುರಿಗೆ ಬಂದ ಬಾಲನ್ನು ನೋಡಿ ತೀರ್ಪು ಕೊಡುತ್ತದೆ, ಟೀಮ್ ಕಟ್ಟುವುದು ಅದರ ಕೆಲಸವಲ್ಲ. ಸೌದೆ, ಡೀಸೆಲ್ಲಂತೂ ಅದರ ಅಂಗಳಕ್ಕೇ ಬರುವುದಿಲ್ಲ. ಅವನ ಇನ್ನೊಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. 2003ರ ವಿದ್ಯುತ್ ಕಾಯ್ದೆಯ 166ನೇ ಸೆಕ್ಷನ್ ಓದು ಅಂದ. ಓದಿದೆ. ರಾಜ್ಯ ಮಟ್ಟದಲ್ಲಿ ಉತ್ಪಾದನೆ, ಸಾಗಣೆ, ವಿತರಣೆಯವರನ್ನೆಲ್ಲ ಸೇರಿಸಿದ ಸಮನ್ವಯ ವೇದಿಕೆ ಇರಬೇಕು ಅಂತ ಅಲ್ಲೇ ಇದೆ. ಜಿಲ್ಲೆಗೊಂದು ಸಮಿತಿ ಬೇಕು, ಕರೆಂಟಿನ ಗುಣಮಟ್ಟ, ಗ್ರಾಹಕರ ಸಮಾಧಾನ, ಉಳಿತಾಯ ಎಲ್ಲ ಅದು ನೋಡಬೇಕು ಅಂತಲೂ ಇದೆ. ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕಡೇ ಸಲ ಯಾವಾಗ ಸೇರಿತ್ತು, ಗೊತ್ತಾ? ನನಗೆ 166ನೇ ಸೆಕ್ಷನ್ ಇರುವುದೇ ಗೊತ್ತಿರಲಿಲ್ಲ. ಕಾಗದದ ಮೇಲೆ ಇರುವುದು ಸಾಲದು ಅನ್ನುವುದಕ್ಕೆ ಇದೇ ಸಾಕ್ಷಿ.

ನನ್ನ ನಿಜವಾದ ಭಯ ಬೇರೆ. ನಮ್ಮಲ್ಲಿ "ಮಂಡಳಿ" ಅಂದ ಕೂಡಲೇ ನಿಗಮ ಮಂಡಳಿ. ಮಂತ್ರಿ ಸ್ಥಾನ ಸಿಗದೆ ಮುನಿಸಿಕೊಂಡವರಿಗೆ ಅಧ್ಯಕ್ಷಗಿರಿ, ಕಾರು, ಸಂಪುಟ ದರ್ಜೆ, ಊರಿನಲ್ಲಿ ಅಭಿನಂದನೆಯ ಫ್ಲೆಕ್ಸು. ಅಂಥದ್ದಾದರೆ ಬೇಡವೇ ಬೇಡ, ಅಪ್ಪನ 1819 ಅಡಿ ಲೆಕ್ಕವೇ ಮೇಲು. ಏಳೆಂಟು ಜನ ಸಾಕು. ಶಾಸಕರು ಬೇಡ. ಕರೆಂಟು ಮಾರುವ ಕಂಪನಿಗಳ ಜೊತೆ ವ್ಯವಹಾರ ಇರುವವರೂ ಬೇಡ. ಲೆಕ್ಕ ಗೊತ್ತಿರುವವರು, ನೀರು ಗೊತ್ತಿರುವವರು, ಕಾಡು ಗೊತ್ತಿರುವವರು, ಬೋರ್‌ವೆಲ್ ಇಟ್ಟುಕೊಂಡು ಬೇಸಾಯ ಮಾಡುವವರು, ಇನ್ನೂ ಸೌದೆ ಉರಿಸುವ ಮನೆಯ ಹೆಣ್ಣುಮಗಳೊಬ್ಬಳು ಇರಲಿ. ಅವರಿಗೆ ಟೆಂಡರ್ ಕೊಡುವ ಅಧಿಕಾರ ಬೇಡ, ಹಣ ಹಂಚುವ ಅಧಿಕಾರವೂ ಬೇಡ. ಅದು ಬಂದ ದಿನ ಬಾಗಿಲಲ್ಲಿ ಸಾಲು ಶುರುವಾಗುತ್ತದೆ. ಒಂದೇ ಒಂದು ಅಧಿಕಾರ ಕೊಟ್ಟರೆ ಸಾಕು. 25 ವರ್ಷಕ್ಕೆ ನಮ್ಮ ಕೈಕಟ್ಟುವ ಯಾವ ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೂ ಸರ್ಕಾರ ಮಂಡಳಿಯ ಅಭಿಪ್ರಾಯ ಕೇಳಬೇಕು. ಒಪ್ಪಲೇಬೇಕು ಅಂತಿಲ್ಲ, ಚುನಾಯಿತ ಸರ್ಕಾರ ಅದು. ಆದರೆ ಒಪ್ಪದಿದ್ದರೆ ಯಾಕೆ ಅಂತ ಬರೆದು ಸದನದಲ್ಲಿ ಇಡಬೇಕು. ಕನ್ನಡದಲ್ಲಿ. ಇಂಗ್ಲಿಷಿನ 400 ಪುಟದ ಪಿಡಿಎಫ್ ಹಾಕಿ ಜನಾಭಿಪ್ರಾಯ ಕೇಳಿದೆವು ಅನ್ನುವ ಆಟ ಬೇಡ.

1902ರಲ್ಲಿ ಶಿವನಸಮುದ್ರದ ಕರೆಂಟು ಹೆಚ್ಚುಕಡಿಮೆ 150 ಕಿಲೋಮೀಟರ್ ಲೈನಿನಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಯಾರಿಗೆ ಮೊದಲು ಅನ್ನುವುದರ ಬಗ್ಗೆ ತಕರಾರು ಮಾಡಬಹುದು, ಪಕ್ಕದ ಹಳ್ಳಿಗಳು ಎಷ್ಟು ಕಾಲ ಕತ್ತಲಲ್ಲೇ ಇದ್ದವು ಅಂತಲೂ ಕೇಳಬಹುದು. ಆದರೆ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಜನ ಎಲೆ ಎಣಿಸಿಕೊಂಡೇ ಒಲೆ ಹಚ್ಚಿದ್ದರು.

ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದ್ರಲ್ಲಿ ರೈತರನ್ನೂ ಹಾಕ್ತಾರಾ?"

"ಹಾಕಬೇಕು ಅಂತಾನೇ ಬರೆದಿದ್ದೀನಿ ಅಪ್ಪಾ."

"ಹಂಗಾದ್ರೆ ಮೀಟಿಂಗ್ ಮಧ್ಯಾಹ್ನದ ಮೇಲೆ ಇಟ್ಕೊಳ್ಳೋಕೆ ಹೇಳು. ಈ ವಾರ ನಮಗೆ ರಾತ್ರಿ ಪಾಳಿ, ಬೆಳಗ್ಗೆ ಏಳೋಕಾಗಲ್ಲ."