ಸ್ಪಷ್ಟನೆ: ಕ್ರಿಸ್‌ಮಸ್ ಮರದ ನೀರಿಗೆ ಸಕ್ಕರೆ, ಆಸ್ಪಿರಿನ್ ಬೇಡ
ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಕಡಿದು ತಂದ ಕ್ರಿಸ್‌ಮಸ್ ಮರದ ಬುಡಕ್ಕೆ ತೂತು ಕೊರೆದು, ನೀರಿಗೆ ಸಕ್ಕರೆ, ಆಸ್ಪಿರಿನ್ ಹಾಕಿದರೆ ಮರ ಬಾಡುವುದಿಲ್ಲವಂತೆ. ಇದು ಸರಿಯಲ್ಲ.

ನಲ್ಲಿಯ ಬರೀ ನೀರು ಸಾಕು. ಅಲ್ಲಿನ ಬೆಳೆಗಾರರ ನ್ಯಾಷನಲ್ ಕ್ರಿಸ್‌ಮಸ್ ಟ್ರೀ ಅಸೋಸಿಯೇಷನ್ ಹೇಳುವುದೂ ಇದನ್ನೇ. ನೀರು ಏರುವುದು ತೊಗಟೆಯ ಒಳಬದಿಗೆ ಅಂಟಿಕೊಂಡಿರುವ ಮರದ ಹೊರಪದರಗಳಲ್ಲಿ. ನಡುವೆ ತೂತು ಕೊರೆದು ಏನೂ ಲಾಭವಿಲ್ಲ. ಸ್ಟ್ಯಾಂಡಿನಲ್ಲಿ ಕೂರುತ್ತಿಲ್ಲವೆಂದು ಬುಡದ ಸುತ್ತ ಕೆತ್ತುವುದಂತೂ ಕೂಡದು, ನೀರೆಳೆಯುವ ಭಾಗವೇ ಹೋಗಿಬಿಡುತ್ತದೆ.

ಮನೆಗೆ ತಂದಾಗ ಬುಡದಿಂದ ಅರ್ಧ ಇಂಚಿನಷ್ಟು ನೇರವಾಗಿ ಕತ್ತರಿಸಿ, ತಕ್ಷಣ ನೀರಿನಲ್ಲಿಡಿ. ಹಳೆಯ ಕಡಿತದ ಮೇಲೆ ಅಂಟು ಕಟ್ಟಿ ನೀರಿನ ದಾರಿ ಮುಚ್ಚಿರುತ್ತದೆ. ಕಾಂಡದ ಒಂದು ಇಂಚು ದಪ್ಪಕ್ಕೆ ಸುಮಾರು 1 ಲೀಟರ್ ನೀರು ಹಿಡಿಯುವ ಸ್ಟ್ಯಾಂಡ್ ಇರಲಿ. ದಿನವೂ ನೋಡಿ, ನೀರು ಬುಡಕ್ಕಿಂತ ಕೆಳಗಿಳಿಯಬಾರದು. ಹೀಟರ್, ಬೆಂಕಿಗೂಡಿನಿಂದ ದೂರವಿಡಿ. ಒಣಗಿದ ಮರಕ್ಕೆ ಬೆಂಕಿ ತಾಗಿದರೆ ಕ್ಷಣದಲ್ಲಿ ಹೊತ್ತಿ ಉರಿಯುತ್ತದೆ.

ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಮಾತು: ಆಸ್ಪಿರಿನ್ ಅದಕ್ಕೆ ವಿಷ, ಆ ಸ್ಟ್ಯಾಂಡಿನ ನೀರನ್ನು ಅದು ಕುಡಿದೀತು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ; ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.