ಮುಂದಿನವರನ್ನು ಚೆನ್ನಾಗಿ ತಪಾಸಣೆ ಮಾಡಿ

ಗಡಿಯಲ್ಲಿ ತಪಾಸಣೆ ಬಿಗಿಯಾಗಿರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ನನ್ನ ಮುಂದೆ ನಿಂತವನ ಬ್ಯಾಗ್ ಬಿಚ್ಚಲಿ, ಜೇಬು ತಡಕಲಿ, ಬೇಕಾದರೆ ಅವನ ಮುತ್ತಜ್ಜಿಯ ಹೆಸರನ್ನೂ ಕೇಳಲಿ. ನನ್ನ ಸರದಿ ಬಂದಾಗ ಮಾತ್ರ ಠಪ್ ಅಂತ ಸೀಲು ಒತ್ತಿ ಕಳಿಸಿಬಿಡಬೇಕು. ಸಾಲಿನಲ್ಲಿ ನಿಂತ ಎಲ್ಲರ ಮನಸ್ಸಿನಲ್ಲೂ ಇರುವುದು ಇದೇ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ತೊಂದರೆ ಏನೆಂದರೆ, ನನ್ನ ಹಿಂದೆ ನಿಂತವನಿಗೆ ಆ ಮುಂದಿನವನು ನಾನೇ.

ನಿಯಮಗಳೇನೂ ಸುಮ್ನೆ ಹುಟ್ಟಿದ್ದಲ್ಲ ಬಿಡಿ. 2001ರ ಡಿಸೆಂಬರಿನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ. ಆಮೇಲೆ ಎಷ್ಟೋ ವರ್ಷ ಎಷ್ಟೋ ಕಡೆ ಜನರೆಲ್ಲ ಶೂ ಬಿಚ್ಚಿ ನಡೆದರು. ತೂತಾದ ಕಾಲುಚೀಲವನ್ನು ಯಾರೂ ನೋಡಲ್ಲ ಅಂತ ನಂಬಿದ್ದ ನನ್ನಂಥವರ ಹೆಬ್ಬೆರಳು ಹೊರಪ್ರಪಂಚ ನೋಡಿದ್ದು ಹಾಗೆ. 2006ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಸಂಚು ಬಯಲಾಯಿತು. ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಸಾಗಿಸುವ ಯೋಜನೆ. ಕೈಚೀಲದಲ್ಲಿ 100 ಮಿಲಿಲೀಟರ್ ಮಿತಿ ಬಂದಿದ್ದು ಅದರ ನಂತರವೇ.

ಈ ಮಿತಿ ಬಾಟಲಿಗೆ, ಒಳಗಿರುವುದಕ್ಕಲ್ಲ. ನನ್ನ ಶಾಂಪೂ ಬಾಟಲಿಯ ತಳದಲ್ಲಿ ಎರಡು ಹನಿ ಉಳಿದಿತ್ತು. ತಲೆಕೆಳಗು ಮಾಡಿ ಅಲ್ಲಾಡಿಸಿ ತೋರಿಸಿದೆ. ಒಂದು ಗುಳ್ಳೆ ಬಂತು, ಅಷ್ಟೆ. ಆ ಅಧಿಕಾರಿ ನನ್ನ ಪ್ರದರ್ಶನವನ್ನು ಪೂರ್ತಿ ನೋಡಿದರು. ಆಮೇಲೆ ಬಾಟಲಿಯ ಮೇಲೆ ಅಚ್ಚಾಗಿದ್ದ 200 ಎಂಬ ಅಂಕಿಯ ಮೇಲೆ ಬೆರಳಿಟ್ಟರು. ಒಂದೂ ಮಾತಾಡಲಿಲ್ಲ. ಬಾಟಲಿ ಬುಟ್ಟಿ ಸೇರಿತು.

ಬೇಗ ಕೆಲಸ ಆಗಲಿ ಅಂತ ಈಗ ಸ್ವಯಂಚಾಲಿತ ಗೇಟುಗಳು ಬಂದಿವೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಎರಡು ಸಾಲು ಇರುತ್ತವಲ್ಲ, ಸಾಲಿಗೆ 44 ಅಕ್ಷರ, ಅಂಕಿ, ಬಾಣದಂಥ ಗುರುತು. ಅದನ್ನು ಓದಿದ ಮೇಲೆ ಯಂತ್ರಕ್ಕೆ ಒಳಗಿನ ಚಿಪ್ ಬಾಯಿ ಬಿಡುತ್ತದೆ. ಆಮೇಲೆ ಕ್ಯಾಮೆರಾ ನಮ್ಮ ಮುಖವನ್ನು ಚಿಪ್ಪಿನಲ್ಲಿರುವ ಫೋಟೋ ಜೊತೆ ತಾಳೆ ನೋಡುತ್ತದೆ. ಆ ಫೋಟೋದಲ್ಲಿ ನಗುವಂತಿಲ್ಲ ಅಂತ ನಿಯಮ. ನಾನೋ, ರಜೆಗೆ ಹೊರಟ ಖುಷಿಯಲ್ಲಿ ಹಲ್ಲು ಬಿಟ್ಟುಕೊಂಡು ನಿಂತೆ. ಕೆಂಪು ದೀಪ. ಕನ್ನಡಕ ತೆಗೆದೆ. ಕೆಂಪು. ಸಾಲ ಕೊಟ್ಟು ಕಳೆದುಕೊಂಡ ದುಡ್ಡನ್ನೆಲ್ಲ ನೆನೆಸಿಕೊಂಡು ಮುಖ ಬಾಡಿಸಿದೆ. ಆಗಲೂ ಕೆಂಪೇ. ಹಿಂದಿನಿಂದ ನಿಟ್ಟುಸಿರುಗಳು ಶುರುವಾದವು. ಕೊನೆಗೆ ಪಕ್ಕದ ಕೌಂಟರಿಗೆ ಕಳಿಸಿದರು. ಅಲ್ಲಿದ್ದವರು ಒಂದು ಸಲ ಪುಸ್ತಕ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಸೀಲು ಒತ್ತಿದರು. ನಾನು ನಾನೇ ಅನ್ನುವುದು ಅವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಯಿತು.

ಮನುಷ್ಯರದ್ದು ಇಷ್ಟಾದರೆ ಸರಕಿನ ಪುರಾಣವೇ ಬೇರೆ. ನಮ್ಮ ಭಾವ ಕ್ಲಿಯರಿಂಗ್ ಏಜೆಂಟ್, ಅಂದರೆ ಬೇರೆಯವರ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವವರು. ಅವರ ಬಾಯಲ್ಲಿ ಸದಾ ಎಚ್‌ಎಸ್ ಕೋಡ್, ಅಂದರೆ ಯಾವ ಸರಕು ಯಾವ ಗುಂಪು ಅಂತ ಹೇಳುವ ಸಂಖ್ಯೆ. 1988ರಲ್ಲಿ ಜಾರಿಗೆ ಬಂದ ಪದ್ಧತಿ ಇದು. ಸರಕುಗಳನ್ನು 5000ಕ್ಕೂ ಜಾಸ್ತಿ ಗುಂಪು ಮಾಡಿದ್ದಾರೆ. ಮೊದಲ ಆರು ಅಂಕಿ ಹೆಚ್ಚುಕಡಿಮೆ ಪ್ರಪಂಚಕ್ಕೆಲ್ಲ ಒಂದೇ. ಯಾವ ಗುಂಪು ಅನ್ನುವುದರ ಮೇಲೆ ಸುಂಕ, ಸುಂಕದ ಮೇಲೆ ಜಗಳ. ಈ ಜಗಳ ಪದ್ಧತಿಗಿಂತ ಹಳೆಯದು. ಟೊಮೆಟೊ ಹಣ್ಣೋ ತರಕಾರಿಯೋ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1893ರಲ್ಲಿ ಕೂತು ತೀರ್ಮಾನಿಸಿತು. ಸಸ್ಯಶಾಸ್ತ್ರ ಏನೇ ಹೇಳಲಿ, ಸುಂಕಕ್ಕೆ ತರಕಾರಿ! ತರಕಾರಿಗೆ ಸುಂಕ ಇತ್ತು ನೋಡಿ. 2003ರಲ್ಲಿ ಅದೇ ದೇಶದ ಇನ್ನೊಂದು ಕೋರ್ಟಿಗೆ ಸೂಪರ್‌ಹೀರೋ ಗೊಂಬೆಗಳು ಬಂದವು. ಮನುಷ್ಯರ ಗೊಂಬೆಗೆ ಸುಂಕ ಜಾಸ್ತಿ, ಬೇರೆ ಆಟಿಕೆಗೆ ಕಡಿಮೆ. ನಮ್ಮ ಹೀರೋಗಳು ಮನುಷ್ಯರೇ ಅಲ್ಲ ಸ್ವಾಮಿ ಅಂತ ಅವುಗಳನ್ನು ಮಾರುವ ಕಂಪನಿಯೇ ವಾದಿಸಿ ಗೆದ್ದಿತು.

ಹಾಗಾದರೆ ಎಲ್ಲವನ್ನೂ ಬಿಚ್ಚಿ ನೋಡಿಬಿಡೋಣ ಅಂದರೆ? ಅಮೆರಿಕ 2007ರಲ್ಲಿ ಅಂಥ ಕಾನೂನೇ ಮಾಡಿತು. ತನ್ನತ್ತ ಬರುವ ಪ್ರತಿ ಕಂಟೇನರನ್ನೂ ಹಡಗು ಹತ್ತುವ ಮೊದಲೇ ಸ್ಕ್ಯಾನ್ ಮಾಡಬೇಕು, ಗಡುವು 2012. ಗಡುವು ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಎಲ್ಲರನ್ನೂ ನೋಡ್ತೀನಿ ಅಂತ ಹೊರಟವನು ಯಾರನ್ನೂ ಸರಿಯಾಗಿ ನೋಡಲಾರ ಅಂತ ನನಗನಿಸುತ್ತದೆ. ವಿಶ್ವ ಸುಂಕ ಸಂಸ್ಥೆ 2005ರಲ್ಲೇ ಬೇರೆ ದಾರಿ ಹಾಕಿಕೊಟ್ಟಿತ್ತು. ಸರಕಿನ ಮಾಹಿತಿ ಮೊದಲೇ ಬರಲಿ, ನಂಬಿಕಸ್ಥ ವ್ಯಾಪಾರಿಗಳಿಗೆ ಸಲೀಸು ದಾರಿ ಇರಲಿ, ಅನುಮಾನ ಬಂದ ಪೆಟ್ಟಿಗೆಯನ್ನು ಮಾತ್ರ ತೆರೆಯಿರಿ ಅಂತ. ಒಳ್ಳೆಯ ವಿಚಾರವೇ. ಆದರೆ ಅನುಮಾನಕ್ಕೆ ಮುಖ ಬೇಕಲ್ಲ. ಪ್ರಯಾಣಿಕರ ಪೈಕಿ ಆ ಮುಖ ನನ್ನದು. ಸುಂಕ ಕಟ್ಟುವ ವಸ್ತು ಇಲ್ಲದವರಿಗೆಂದೇ ಇರುವ ಹಸಿರು ದಾರಿಯಲ್ಲಿ, ನಿಜಕ್ಕೂ ಏನೂ ಇಲ್ಲದೆ ನಡೆಯುವಾಗಲೂ ನನ್ನ ಕಾಲು ಕಳ್ಳನ ಹಾಗೆ ಬೀಳುತ್ತದೆ. ಸಹಜವಾಗಿರೋಣ ಅಂತ ಸಿಳ್ಳೆ ಹಾಕಿದ್ದು ಇನ್ನೂ ಕೆಟ್ಟಿತು. ಪಕ್ಕಕ್ಕೆ ಬನ್ನಿ ಅಂದರು.

ಒಂದೇ ಒಂದು ಸಲ ನನಗೂ ಸಲೀಸಾಗಿ ಆಯಿತು. ಜೊತೆಗೆ ಭಾವ ಇದ್ದರು. ಗೇಟು ಹಸಿರು, ಬ್ಯಾಗ್ ಮುಟ್ಟಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಭಾವನ ಮುಖ ಮಾತ್ರ ಗಂಟಿಕ್ಕಿತ್ತು.

“ಇದೇನಯ್ಯ ಇದು, ನೋಡೋದೇ ಇಲ್ವಲ್ಲ! ಹೀಗಾದ್ರೆ ಯಾರು ಬೇಕಾದ್ರೂ ನುಗ್ಗಬಹುದು.”

“ಕಂಪ್ಯೂಟರ್ ಮೊದಲೇ ನೋಡಿರುತ್ತೆ ಭಾವ. ನೀವೇ ಹೇಳ್ತಿದ್ರಲ್ಲ?”

“ಅದು ಸರಕಿಗೆ ಕಣಯ್ಯ. ಜನರನ್ನ ಹಿಡಿದು ನಿಲ್ಲಿಸಿ ಕೇಳಬೇಕು.”

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಬಂದರಿನಿಂದ ಅವರ ಹುಡುಗ. ಯಾವುದೋ ಕಂಟೇನರನ್ನು ಕಂಪ್ಯೂಟರ್ ಆರಿಸಿದೆಯಂತೆ, ನಾಳೆ ಬಿಚ್ಚಿ ನೋಡ್ತಾರಂತೆ.

“ಬಿಚ್ತಾರಾ?” ಭಾವನ ಕೂಗಿಗೆ ಬ್ಯಾಗುಗಳ ಬೆಲ್ಟಿನ ಹತ್ತಿರ ನಿಂತವರೆಲ್ಲ ತಿರುಗಿದರು. “ಅವರಿಗೇನು ಬೇರೆ ಕೆಲಸ ಇಲ್ವಾ?”