ಚೀನಾದ ಬಿಸಿನೀರು

ಮನೆಗೆ ಯಾರೇ ಬರಲಿ, "ಚೀನಾ ಹೇಗಿತ್ತು?" ಎಂದು ಕೇಳುವುದು ಅಮ್ಮನನ್ನು. ಅಲ್ಲಿ ಒಂದು ವರ್ಷ ಇದ್ದವಳು ನಾನು. ಚಳಿಗಾಲದಲ್ಲಿ ಸೂರ್ಯನೇ ಕಾಣದ ಚೆಂಗ್ಡುವಿನಲ್ಲಿ, ಒಣಗದ ಬಟ್ಟೆಗಳ ಕೆಳಗೆ ಕೂತು, ಮಕ್ಕಳ ಹಾಗೆ ಅಕ್ಷರ ತಿದ್ದಿ ಚೀನೀ ಕಲಿತವಳೂ ನಾನು. ಅಮ್ಮ ರಜೆಯಲ್ಲಿ ಬಂದು ನನ್ನ ಜೊತೆ ನಾಲ್ಕು ಊರು ನೋಡಿ ಹೋದವಳು. ಆದರೂ ಉತ್ತರ ಅವಳದೇ. "ತುಂಬಾ ಒಳ್ಳೇ ದೇಶ. ಎಲ್ಲಿ ಹೋದರೂ ಬಿಸಿನೀರು ಕೊಡ್ತಾರೆ." ಅಷ್ಟೇ, ಮುಗಿಯಿತು. ಬಂದವರೂ ತೃಪ್ತರಾಗಿ ತಲೆಯಾಡಿಸುತ್ತಾರೆ. ಮಹಾಗೋಡೆಯ ಬಗ್ಗೆ ಹೇಳಬೇಕೆಂದಿದ್ದ ನಾನು ಕಾಫಿ ಮಾಡಲು ಒಳಗೆ ಹೋಗುತ್ತೇನೆ.

ಅಪ್ಪ ಅಮ್ಮಂದಿರ ಜೊತೆ ಪರದೇಶ ಸುತ್ತಿದರೆ ಅವರ ಬಗ್ಗೆ ನಮಗೆ ಏನು ಗೊತ್ತಾಗುತ್ತದೆ ಅಂತ ಬರೆಯಲು ಕೂತಿದ್ದೆ. ಅದಕ್ಕೆ ಬರುತ್ತೇನೆ. ಮೊದಲು ಈ ನೀರಿನ ವಿಷಯ ಮುಗಿಸಿಬಿಡೋಣ.

ತಿಪಟೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹೋಟೆಲಿಗೆ ಹೋದಾಗ ಅಮ್ಮ ಬಿಸಿನೀರು ಕೇಳಿದರೆ, ಸಪ್ಲೈಯರ್ ಅವಳನ್ನು ಆಸ್ತಿ ಬರೆದುಕೊಡು ಅಂದವಳ ಹಾಗೆ ನೋಡುತ್ತಾನೆ. ಅಂಥವಳು ಬೀಜಿಂಗಿನಲ್ಲಿ ಇಳಿದಳು. ಊಟಕ್ಕೆ ಕೂತ ಕೂಡಲೇ, ಕೇಳದೆಯೇ, ಲೋಟದಲ್ಲಿ ಹಬೆಯಾಡುವ ನೀರು ಬಂತು. ಅದೂ ಬೇಸಿಗೆಯಲ್ಲಿ! ಅಮ್ಮ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ನಾನು ಎಂಜಿನಿಯರಿಂಗ್ ಪಾಸಾದಾಗಲೂ ಆ ನೋಟ ಬಂದಿರಲಿಲ್ಲ.

ಆಮೇಲೆ ಶುರುವಾಯಿತು. ವಿಮಾನ ನಿಲ್ದಾಣದಲ್ಲಿ ಬಿಸಿನೀರಿನ ನಲ್ಲಿ, ರೈಲು ನಿಲ್ದಾಣದಲ್ಲಿ ನಲ್ಲಿ, ಹೋಟೆಲ್ ಕೋಣೆಯಲ್ಲಿ ಕೆಟಲ್. ರೈಲಿನಲ್ಲಂತೂ ಬೋಗಿ ಬೋಗಿಗೂ ಕುದಿಯುವ ನೀರು. ಜನ ಅಲ್ಲಿ ಸಾಲು ನಿಂತು ನೂಡಲ್ಸ್ ಡಬ್ಬಿಗೆ, ಚಹಾ ಎಲೆ ಹಾಕಿದ ಬಾಟಲಿಗೆ ನೀರು ಹಿಡಿಯುತ್ತಾರೆ. ಶಿಯಾನ್‌ನಿಂದ ಚೆಂಗ್ಡುವಿಗೆ 2017ರಲ್ಲಿ ಹೊಸ ರೈಲು ಮಾರ್ಗ ಆಯಿತು. ಹಿಂದೆ ಜನ ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಿದ್ದ ಚಿನ್‌ಲಿಂಗ್ ಬೆಟ್ಟಸಾಲನ್ನು ಈಗ ಸುರಂಗದಲ್ಲೇ ದಾಟಿಬಿಡಬಹುದು. ಕಿಟಕಿ ಪಕ್ಕದ ಸೀಟನ್ನು ಅಮ್ಮನಿಗೇ ಬಿಟ್ಟುಕೊಟ್ಟಿದ್ದೆ. ಅವಳು ಕೂತರೆ ತಾನೇ? ಫ್ಲಾಸ್ಕು ಹಿಡಿದು ನಲ್ಲಿಯ ಹತ್ತಿರ ನಿಂತು, ಯಾರೋ ಅಜ್ಜಿಯ ಜೊತೆ ಕನ್ನಡದಲ್ಲಿ ಮಂಡಿನೋವಿನ ವಿಷಯ ಮಾತಾಡುತ್ತಿದ್ದಳು. ಅಜ್ಜಿ ಚೀನೀಯಲ್ಲಿ ಒಪ್ಪುತ್ತಿದ್ದಳು.

ಆ ಫ್ಲಾಸ್ಕು ನಾನೇ ಹಾಸ್ಟೆಲಿನಿಂದ ತಂದಿದ್ದು. ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಬಿಸಿನೀರಿಗೇ ಒಂದು ಕೋಣೆ ಇರುತ್ತದೆ. ಹೊರಗೆ ಬಣ್ಣಬಣ್ಣದ ಫ್ಲಾಸ್ಕುಗಳ ಸಾಲು. ಹಿಂದೆ ಶಾಂಘೈಯಲ್ಲಿ ಬಿಸಿನೀರು ಮಾರುವ ಅಂಗಡಿಗಳೇ ಇದ್ದವು, ಅವಕ್ಕೆ ಹುಲಿ ಒಲೆ ಅಂತ ಹೆಸರು. ಮನೆಯಲ್ಲಿ ಉರುವಲು ಸುಡುವ ಬದಲು ಜನ ಅಲ್ಲಿಂದ ಕೊಂಡು ತರುತ್ತಿದ್ದರು. 1952ರಲ್ಲಿ ಸರ್ಕಾರ ಆರೋಗ್ಯದ ದೊಡ್ಡ ಆಂದೋಲನ ಶುರು ಮಾಡಿತು. ಕುದಿಸಿದ ನೀರೇ ಕುಡಿಯಿರಿ ಅನ್ನುವುದು ಆಗ ಊರೂರಿಗೆ ತಲುಪಿತು. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಸರ್ಕಾರ ಅಂದ್ರೆ ಹಂಗಿರಬೇಕು" ಅಂದಳು. ಆ ವಿಷಯದಲ್ಲಿ ನಾನು ಅವಳ ಜೊತೆ ವಾದಕ್ಕೆ ಇಳಿಯಲಿಲ್ಲ. ಒಂದು ಲೋಟ ನೀರಿಗೆ ಇಡೀ ಸರ್ಕಾರವನ್ನು ಒಪ್ಪಿಬಿಡುವವರ ಜೊತೆ ಏನು ಮಾತಾಡುವುದು?

ಬೀಜಿಂಗ್ ಮೆಟ್ರೋದಲ್ಲಿ ಚೀಲ ತಪಾಸಣೆ ಮಾಡುವಾಗ, ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡಿದು ತೋರಿಸಿ ಅನ್ನುತ್ತಾರೆ. ಎಲ್ಲರೂ ಗುಟುಕರಿಸಿ ಮುಂದೆ ಹೋಗುತ್ತಾರೆ. ಅಮ್ಮ ಕಚ್ಚಿ ಕುಡಿಯುವವಳಲ್ಲ, ಎತ್ತಿ ಕುಡಿಯುವವಳು. ಒಳಗಿರುವುದು ಆಗಷ್ಟೇ ಕುದಿದ ನೀರು. ಹಾಗಾಗಿ ಮೊದಲು ಫ್ಲಾಸ್ಕಿನ ಮುಚ್ಚಳ ತೆಗೆದಳು, ಅದಕ್ಕೇ ಸ್ವಲ್ಪ ಬಗ್ಗಿಸಿಕೊಂಡಳು, ಊದಿದಳು, ಬೆರಳು ಅದ್ದಿ ನೋಡಿದಳು, ಇನ್ನೂ ಸುಡುತ್ತಿದೆ ಅಂತ ಮತ್ತೆ ಊದಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಕತ್ತು ಮೇಲೆತ್ತಿ, ತುಟಿಗೆ ತಾಗಿಸದೆ, ಒಂದು ಹನಿ ಚೆಲ್ಲದೆ ಕುಡಿದಳು. ಕಾವಲಿನ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಮುಚ್ಚಳ ಹಾಕುವಾಗ ಅಮ್ಮ ಅವಳಿಗೂ ಬೇಕಾ ಅಂತ ಸನ್ನೆ ಮಾಡಿದಳು. ಈ ಕಥೆ ಈಗ ಎಲ್ಲರಿಗೂ ತಮಾಷೆ. ಅವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಮುಂದಿನ ಸ್ಟೇಷನ್ನುಗಳಲ್ಲಿ ನಾನು ಅಮ್ಮನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದೆ.

ನೋಡಬೇಕಾದ್ದನ್ನೆಲ್ಲ ನೋಡಿದೆವು, ಇಲ್ಲ ಅನ್ನುವುದಿಲ್ಲ. ಗೋಡೆಯ ಮೆಟ್ಟಿಲು ಹತ್ತಿದೆವು. ಚೆಂಗ್ಡುವಿನ ವೆನ್‌ಶೂ ಮಠದಲ್ಲಿ ಸಸ್ಯಾಹಾರದ ಊಟ ಮಾಡಿದೆವು. ಸೋಯಾದಲ್ಲಿ ಮೀನಿನ ಆಕಾರ ಮಾಡಿ ಇಟ್ಟಿದ್ದನ್ನು ಅಮ್ಮ ಮುಟ್ಟಲಿಲ್ಲ, ನಾನು ತಿಂದೆ. ಪಾಂಡಾಗಳು ಮಲಗಿದ್ದವು.

ಶಿಯಾನ್ ಹತ್ತಿರ, ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಲು ಹೂತಿಟ್ಟ ಮಣ್ಣಿನ ಸೈನ್ಯ ಮಾತ್ರ ಅಮ್ಮನನ್ನು ಹಿಡಿದು ನಿಲ್ಲಿಸುತ್ತದೆ ಅಂತ ನನಗೆ ನಂಬಿಕೆ ಇತ್ತು. ನಿಲ್ಲಿಸಿತು ಕೂಡ. ಅಷ್ಟು ದೊಡ್ಡ ಹಳ್ಳ, ಅದರಲ್ಲಿ ಸಾಲು ಸಾಲು ಸೈನಿಕರು, ಎರಡು ಸಾವಿರ ವರ್ಷ ಹಿಂದಿನವರು. ಗೈಡ್ ಹುಡುಗಿ ಮೊದಲ ಚಕ್ರವರ್ತಿಯ ಕಥೆ ಹೇಳಿದಳು, 1974ರಲ್ಲಿ ರೈತರು ಬಾವಿ ತೋಡುವಾಗ ಇವು ಸಿಕ್ಕ ಕಥೆ ಹೇಳಿದಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಕಟಕಟೆ ಹಿಡಿದು ಕೇಳುತ್ತಿದ್ದಳು.

"ಅಲ್ಲ ಕಣೇ, ಅವರಿಗೆ ನೀರು ಸಿಕ್ತಾ?"

ಯಾರಿಗೆ ಅಂದೆ.

"ಬಾವಿ ತೋಡ್ತಿದ್ರಲ್ಲ, ಅವರಿಗೆ."

ನನಗೆ ಗೊತ್ತಿರಲಿಲ್ಲ. ಕೇಳು ಅಂದಳು, ಕೇಳಿದೆ. ಗೈಡ್ ನಕ್ಕು, ಮುಂದಿನ ಕೋಣೆಯಲ್ಲಿ ಕಂಚಿನ ರಥಗಳಿವೆ, ಬನ್ನಿ ಅಂದಳು. ನಮ್ಮ ತೋಟದಲ್ಲಿ ಫೇಲಾದ ಬೋರುಗಳ ಲೆಕ್ಕ ಅಮ್ಮನಿಗೆ ಬಾಯಿಪಾಠ. ರಥಗಳ ಮುಂದೆ ನಿಂತಾಗಲೂ ಅವಳು ಬಾವಿಯಲ್ಲೇ ಇದ್ದಳು.

"ಪಾಯಿಂಟ್ ನೋಡಿಸಿರಲಿಲ್ಲ ಅನ್ಸುತ್ತೆ" ಅಂದಳು. "ಸುಮ್ನೆ ಎಲ್ಲೆಂದರಲ್ಲಿ ತೋಡಿದ್ರೆ ಹೀಗೇ ಆಗೋದು."